ಖಾಲಿ ಹೊಟ್ಟೆಯ ಸಾಕ್ಷಿ

ಕಾಂತಪ್ಪ ಮಧ್ಯಾಹ್ನ ಎರಡು ಗಂಟೆಯವರೆಗೆ ಏನೂ ತಿನ್ನುವುದಿಲ್ಲ ಎಂಬುದು ಪುಣೆಯ ವಾಕಡದ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತು ಮಾಡಿಸಿದವಳು ಅವನ ಹೆಂಡತಿ ಅಕ್ಕು. ಬೆಳಗಿನ ಐದಕ್ಕೆ ಹೋಟೆಲಿನ ಒಲೆ ಹೊತ್ತಿಸಿ, ನೂರಾರು ಜನರಿಗೆ ಇಡ್ಲಿ ದೋಸೆ ಕೊಟ್ಟು, ಊಟದ ಗಿರಾಕಿಗಳ ಗದ್ದಲ ಇಳಿದ ಮೇಲೆಯೇ ಅವನು ತನ್ನ ತಟ್ಟೆಯ ಮುಂದೆ ಕೂರುತ್ತಿದ್ದ. "ನಮ್ಮವರದ್ದು ಎರಡು ಗಂಟೆವರೆಗೆ ಉಪವಾಸವೇ" ಎಂದು ಅಕ್ಕು ನೆಂಟರಿಗೂ, ಪಕ್ಕದ ಮನೆಯ ಮರಾಠಿ ಹೆಂಗಸರಿಗೂ, ಹಾಲು ಹಾಕುವವನಿಗೂ ಹೇಳಿದ್ದಳು. ಗಂಡನ ಬಗ್ಗೆ ಕೊಚ್ಚಿಕೊಳ್ಳಲು ಹೆಂಡತಿಗೆ ಸಿಗುವುದೇ ಒಂದೋ ಎರಡೋ ವಿಷಯ. ಅಕ್ಕುವಿಗೆ ಸಿಕ್ಕಿದ್ದು ಇದೊಂದು, ಅದನ್ನು ಅವಳು ಮೂವತ್ತು ವರ್ಷ ಸವೆಯದಂತೆ ಬಳಸಿಕೊಂಡಿದ್ದಳು.

ಕಾರ್ಕಳದ ಕಡೆಯಿಂದ ಬಂದು ಪುಣೆಯಲ್ಲಿ ಕೈಗಾಡಿಯಿಂದ ಶುರುಮಾಡಿ ಹೋಟೆಲಿನವರೆಗೆ ಮುಟ್ಟಿದ ಜೋಡಿ ಅದು. ಮೂರು ವರ್ಷದ ಹಿಂದೆ ಕಾಂತಪ್ಪನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿತು. ಕೊಯ್ದರು. ಗಾಯ ಕೀವಾಯಿತು, ಎರಡು ತಿಂಗಳು ಹಾಸಿಗೆಯಾಯಿತು, ನಾಲ್ಕು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಿಕೊಂಡು ಬದುಕಬೇಕಾಯಿತು. ಆ ಚೀಲ ತೊಳೆದವಳು ಅಕ್ಕು. ಅದರ ಮರುವರ್ಷ ಎದೆ ನೋವು ಬಂದು ಹೃದಯಕ್ಕೆ ಸ್ಟೆಂಟ್ ಹಾಕಿದರು. ಇಷ್ಟೆಲ್ಲ ದಾಟಿ ಮನುಷ್ಯ ಮತ್ತೆ ಒಲೆಯ ಮುಂದೆ ನಿಂತ ಎನ್ನುವಾಗ ಈ ವರ್ಷದ ಸ್ಕ್ಯಾನಿನಲ್ಲಿ ಯಕೃತ್ತಿನ ಎಡಭಾಗದಲ್ಲಿ ಒಂದು ಚುಕ್ಕೆ ಬಂತು. ಗೋಡಂಬಿಯಷ್ಟು ದೊಡ್ಡದು. ಹಳೆಯ ರೋಗವೇ ಅಲ್ಲಿಗೆ ಹಬ್ಬಿತ್ತು.

ಶಸ್ತ್ರವೈದ್ಯರು ಕೊಯ್ದು ತೆಗೆಯಬಹುದು, ಆದರೆ ಹೃದಯದ ಭಯವಿದೆ ಎಂದರು. ಮಗಳು ರಕ್ಷಿತ ಕೊಯ್ಯುವುದೇ ಸರಿ ಎಂದು ಹಟ ಹಿಡಿದಳು. ಅವಳು ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುವವಳು, ಯಾವುದನ್ನೂ ಅರ್ಧಕ್ಕೆ ಬಿಡುವ ಜಾತಿಯಲ್ಲ.

"ಕಟ್ ಮಾಡಿ ಬಿಸಾಡಿದ್ರೆ ಮುಗೀತಲ್ಲ ಅಮ್ಮ. ಒಳಗೇ ಇಟ್ಕೊಂಡು ಸುಡೋದು ಅಂದ್ರೆ ಎಂತ?"

ಸುಡುವ ದಾರಿ ಹೇಳಿದವರು ವಿಕಿರಣ ವಿಭಾಗದ ಡಾಕ್ಟರ್ ಶಾಲಿನಿ. ಇರುವುದು ಒಂದೇ ಗಂಟು, ಸಣ್ಣದು. ಹೊರಗಿನಿಂದಲೇ ನಾಲ್ಕೂ ದಿಕ್ಕಿನಿಂದ ಗುರಿ ಹಿಡಿದು ಜೋರಾದ ವಿಕಿರಣ ಕೊಡಬಹುದು, ಐದೇ ಸಲ, ಪ್ರತಿ ಸಲ ಅರ್ಧ ಗಂಟೆ. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಗುಣವಾಗಿಯೇ ತೀರುತ್ತದೆಂದು ಮಾತು ಕೊಡಲಾರೆ, ಆದರೆ ಇವರ ಹೃದಯ ನೋಡಿದರೆ ಇದೇ ವಾಸಿ ಎಂದು ಆಕೆ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಚುಕ್ಕೆಯ ಪಕ್ಕದಲ್ಲೇ ಜಠರ ಇದೆ. ಜಠರ ಖಾಲಿಯಿದ್ದರೆ ದೂರ ಮಡಚಿಕೊಂಡಿರುತ್ತದೆ, ತುಂಬಿದ್ದರೆ ಉಬ್ಬಿ ಕಿರಣದ ದಾರಿಗೆ ಬರುತ್ತದೆ. ಆದ್ದರಿಂದ ಪ್ರತಿ ಸಲವೂ ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬಾರದು.

"ಅದೊಂದು ನಮಗೆ ಕಷ್ಟವೇ ಅಲ್ಲ ಡಾಕ್ಟರ್" ಎಂದು ಅಕ್ಕು ನಕ್ಕಿದ್ದಳು. ಆ ಚೀಲವನ್ನು ಇನ್ನೊಮ್ಮೆ ತೊಳೆಯುವುದು ಅವಳಿಗೆ ಕನಸಿನಲ್ಲೂ ಬೇಡವಾಗಿತ್ತು. ಕತ್ತಿ ಬೇಡ, ಕಿರಣ ಸಾಕು ಎಂದು ತೀರ್ಮಾನ ಮಾಡಿದವಳು ಅವಳೇ. ಕಾಂತಪ್ಪ "ಇವಳು ಹೇಳಿದ ಹಾಗೆ" ಎಂದು ಸಹಿ ಹಾಕಿದ.

ಅಳತೆ ತೆಗೆಯುವ ಸ್ಕ್ಯಾನನ್ನು ಮಂಗಳವಾರ ಇಟ್ಟುಕೊಂಡರು. ಹೋಟೆಲಿಗೆ ವಾರದ ರಜೆ ಅಂದು. ಕಾಂತಪ್ಪ ಎಂಟು ಗಂಟೆಯವರೆಗೆ ಮಲಗಿದ್ದು, ಎದ್ದು, ಸ್ನಾನ ಮಾಡಿ ನೇರ ಬಂದ. ಅವನ ಮೈಯ ಅಚ್ಚಿಗೆ ತಕ್ಕಂತೆ ಒಂದು ಹಾಸಿಗೆ ಮಾಡಿದರು, ಉಸಿರು ಆಳಕ್ಕೆ ಹೋಗದಂತೆ ಹೊಟ್ಟೆಗೆ ಪಟ್ಟಿ ಬಿಗಿದರು, ಗುರಿಗೆಂದು ಚರ್ಮದ ಮೇಲೆ ಹಚ್ಚೆಯ ಮೂರು ಚುಕ್ಕೆ ಚುಚ್ಚಿದರು. ಈ ಎಲ್ಲದರ ಜವಾಬ್ದಾರಿ ಟೆಕ್ನಿಷಿಯನ್ ಮಾಂತುವಿನದು. ಜಮಖಂಡಿ ಕಡೆಯವನು, ನಲವತ್ತು ದಾಟಿದ್ದಾನೆ, ಪುಣೆಗೆ ಬಂದು ಹದಿನೈದು ವರ್ಷವಾದರೂ ಕನ್ನಡದವರು ಕಂಡರೆ ಮುಖ ಅರಳುತ್ತದೆ.

"ಒಂದಿಷ್ಟೂ ಅಳ್ಳಾಡಬ್ಯಾಡ್ರಿ ಕಾಕಾ. ಉಳದದ್ದು ನಾ ನೋಡ್ಕೋತೀನಿ."

ಚಿಕಿತ್ಸೆ ಬಿದ್ದದ್ದು ಬುಧವಾರ, ಶುಕ್ರವಾರ, ಸೋಮವಾರ, ಮತ್ತೆ ಬುಧವಾರ, ಶುಕ್ರವಾರ. ಎಲ್ಲ ದಿನವೂ ಹನ್ನೊಂದು ಗಂಟೆಗೆ. ಐದು ದಿನ ಹೋಟೆಲು ಮುಚ್ಚೋಣ ಎಂದರೆ ಕಾಂತಪ್ಪ ಸುತಾರಾಂ ಒಪ್ಪಲಿಲ್ಲ. ಐದಕ್ಕೆ ಹೋಗಿ ಹತ್ತೂಕಾಲಿನವರೆಗೆ ಕೆಲಸ ಮಾಡುವುದು, ಅಕ್ಕು ರಿಕ್ಷಾದಲ್ಲಿ ಬಂದು ಹೋಟೆಲಿನ ಬಾಗಿಲಲ್ಲಿ ಅವನನ್ನು ಹತ್ತಿಸಿಕೊಳ್ಳುವುದು ಎಂದಾಯಿತು. ಮೈಗೆ ಒಗ್ಗರಣೆಯ ಘಮ ಹೊತ್ತುಕೊಂಡು ರಿಕ್ಷಾ ಹತ್ತುತ್ತಿದ್ದ. ಹೋಟೆಲಿನವನ ಮೈಯಲ್ಲಿ ಇನ್ನೇನು ಬರುತ್ತದೆ?

ಮೊದಲ ದಿನ ಮಾಂತು ಕೇಳಿದ, "ಹೊಟ್ಟಿ ಖಾಲಿ ಅದ ಏನ್ರೀ ಕಾಕಾ?"

"ಎಂತ ಇಲ್ಲ ಮಾರಾಯ. ನಾನು ಕೂತು ತಿನ್ನುದೇ ಎರಡು ಗಂಟೆಗೆ."

ಎರಡನೆಯ ಸಲ, ಶುಕ್ರವಾರ, ಕಾಂತಪ್ಪನನ್ನು ಒಳಗೆ ಮಲಗಿಸಿ ಹತ್ತು ನಿಮಿಷಕ್ಕೇ ಮಾಂತು ಹೊರಗೆ ಬಂದ. ಪ್ರತಿ ಸಲ ಕಿರಣ ಬಿಡುವ ಮೊದಲು ಒಳಗಿನ ಒಂದು ಚಿತ್ರ ತೆಗೆಯುವುದು ಅವರ ಕ್ರಮ. ಆ ಚಿತ್ರ ನೋಡಿ ಬಂದಿದ್ದ.

"ಕಾಕೂ, ಒಂದ್ ಮಾತ್ ಕೇಳ್ತೀನ್ರಿ. ಅಳತಿ ತಗದ ದಿನಕ್ಕಿಂತ ಇವತ್ತ ಹೊಟ್ಟಿ ಸ್ವಲ್ಪ ದೊಡ್ಡದ ಕಾಣಾಕತ್ತದ. ಕಾಕಾ ಏನರ ತಿಂದಾರೇನ್ರೀ? ತಿಂದಿದ್ರ ಖರೇ ಹೇಳ್ರಿ, ನಾಳೆ ಮಾಡೂಣು. ಅದರಾಗ ಏನೂ ತ್ರಾಸಿಲ್ಲ."

ಅಕ್ಕುವಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಗಂಡ ಮಕ್ಕಳ ಹಾಗೆ ಕದ್ದು ತಿಂದು ಸುಳ್ಳು ಹೇಳುವವನೇ?

"ನಮ್ಮವರು ಎರಡು ಗಂಟೆವರೆಗೆ ಒಂದು ತುತ್ತು ಮುಟ್ಟುವವರಲ್ಲ. ಮೂವತ್ತು ವರ್ಷದಿಂದ ನೋಡಿದವಳು ನಾನು. ಬೇಕಾದ್ರೆ ಬರೆದುಕೊಳ್ಳಿ."

ಅವನು ಬರೆದುಕೊಂಡ. ಡಾಕ್ಟರ್ ಶಾಲಿನಿಯೂ ಬಂದು ಚಿತ್ರ ನೋಡಿದರು, ಹೊಟ್ಟೆಯಲ್ಲಿ ಗಾಳಿ ತುಂಬಿರಬೇಕು ಎಂದರು. ಕಾಂತಪ್ಪನನ್ನು ಮುಕ್ಕಾಲು ಗಂಟೆ ಅತ್ತಿತ್ತ ನಡೆದಾಡಿಸಿ, ಇನ್ನೊಂದು ಚಿತ್ರ ತೆಗೆದು, ಪರವಾಗಿಲ್ಲ ಎನ್ನಿಸಿ ಕಿರಣ ಕೊಟ್ಟರು. ಆಮೇಲಿನ ಮೂರು ಸಲ ಮಾಂತು ಅಕ್ಕುವಿನ ಮುಖ ನೋಡಿ "ಖಾಲಿ ಅದ ಅಲ್ರೀ ಕಾಕೂ?" ಎಂದಷ್ಟೇ ಕೇಳಿದ. ಅವಳು ಹೌದೆಂದು ಕತ್ತು ಆಡಿಸಿದಳು. ಸೋಮವಾರ ಅವನ ಹಣೆಯಲ್ಲಿ ಭಂಡಾರದ ಹಳದಿ ಇತ್ತು. ಭಾನುವಾರ ಜೇಜುರಿಗೆ ಹೋಗಿದ್ದನಂತೆ, ಕಾಕಾನ ಹೆಸರಿನಲ್ಲೂ ಖಂಡೋಬನಿಗೆ ಕೈಮುಗಿದು ಬಂದನಂತೆ. ಇಂಥ ಮನುಷ್ಯ ಸಿಕ್ಕಿದ್ದು ಪುಣ್ಯ ಎಂದು ಅಕ್ಕುವಿಗೆ ಕಣ್ಣು ತುಂಬಿತು.

ಎರಡು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗೋಡಂಬಿ ಸತ್ತುಹೋಗಿತ್ತು. ರಕ್ಷಿತ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಮ್ಮನನ್ನು ತಬ್ಬಿಕೊಂಡು "ನೀನೇ ರೈಟ್ ಅಮ್ಮ" ಎಂದಳು. ಅಕ್ಕು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ವಾರ ಮುಗಿಯುತ್ತಿದ್ದಂತೆ ಕಾಂತಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ರಕ್ತ ಕಾರಿಕೊಂಡು ಕುಸಿದ. ಕೆಲವು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ, ಕಬ್ಬಿಣದ ಮಾತ್ರೆಯದ್ದು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಬಾಯಿಯಿಂದ ಕೊಳವೆ ಇಳಿಸಿ ನೋಡಿದಾಗ ಜಠರದ ಗೋಡೆಯಲ್ಲಿ, ಯಕೃತ್ತಿನ ಮಗ್ಗುಲಿಗೇ, ಆಳವಾದ ಹುಣ್ಣು ಕಂಡಿತು. ಡಾಕ್ಟರ್ ಶಾಲಿನಿ ವಾರ್ಡಿಗೆ ಬಂದಾಗ ಅವರ ಮುಖದಲ್ಲಿ ನೆತ್ತರಿರಲಿಲ್ಲ.

"ಆ ಜಾಗಕ್ಕೆ ಅಷ್ಟು ವಿಕಿರಣ ತಾಗಬಾರದಿತ್ತು. ನಮ್ಮ ಲೆಕ್ಕದಲ್ಲಿ ಜಠರ ಅಲ್ಲಿರಲೇ ಇಲ್ಲ. ಹೇಗೆ ಬಂತೆಂದು ನೋಡುತ್ತೇನೆ" ಎಂದರು.

ರಕ್ತ ಕೊಟ್ಟರು, ಹುಣ್ಣಿಗೆ ಕ್ಲಿಪ್ ಹಾಕಿದರು, ಬಾಯಿಗೆ ನೀರು ಕೂಡ ಬೇಡ ಎಂದರು. ರಕ್ತ ನಿಂತ ಹಾಗೆ ಕಂಡಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋಟೆಲಿನಿಂದ ಫೋನ್ ಬಂತು. ಒಲೆ ನೋಡಿಕೊಳ್ಳುತ್ತಿದ್ದ ಕಾಂತಪ್ಪನ ಅಣ್ಣನ ಮಗ ಸುಹಾಸ ಅಳುವ ದನಿಯಲ್ಲಿದ್ದ. ಸಾಂಬಾರಿಗೆ ಹಳೆಯ ರುಚಿ ಇಲ್ಲ ಎಂದು ಗಿರಾಕಿಗಳು ಮೂಗು ಮುರಿಯುತ್ತಿದ್ದಾರಂತೆ. ಕಾಂತಪ್ಪನಿಗೆ ಎಲ್ಲಿತ್ತೋ ಜೀವ, ದಿಂಬಿಗೆ ಒರಗಿ ಕೂತ.

"ನೀನು ಹೇಗೆ ನೋಡ್ತಿ ಉಪ್ಪು? ನಾಲಿಗೆ ತುದಿಯಲ್ಲಿ ನೆಕ್ಕುದಾ? ಹಾಗೆ ನೋಡಿದ್ರೆ ಎಂತ ಗೊತ್ತಾಗ್ತದೆ ನಿನಗೆ? ಬಾಯಿ ತುಂಬ ತೆಗೊಂಡು ನುಂಗ್ಬೇಕು. ಖಾರ ಇಳಿಯುದು ಗಂಟಲಲ್ಲಿ. ಮೊದಲ ಕುದಿಗೆ ಅರ್ಧ ಸೌಟು, ಒಗ್ಗರಣೆ ಬಿದ್ದ ಮೇಲೆ ಇನ್ನೊಂದು ಅರ್ಧ. ಚಟ್ನಿಯನ್ನು ಬರೀ ಚಟ್ನಿ ನೋಡ್ಬಾರ್ದು, ಇಡ್ಲಿ ಮುರಿದು ಅದ್ರಲ್ಲಿ ನೋಡು. ಕೆಂಪು ಚಟ್ನಿಗೂ ಹಾಗೇ. ವಡೆ ಪ್ರತಿ ಬಾಣಲೆಯದ್ದೂ ಒಂದು ಮುರಿದು, ನಡುವೆ ಬೆಂದಿದೆಯಾ ಅಂತ ತಿಂದು ನೋಡು. ಶೀರಾ ಬಿಸಿ ಇರುವಾಗ ಒಂದು ಚಮಚ, ಆರಿದ ಮೇಲೆ ಒಂದು. ಒಂಬತ್ತಕ್ಕೆ ಎರಡನೇ ಕೊಪ್ಪರಿಗೆ ಇಳಿಯುವಾಗ ಪುನಃ ಎಲ್ಲ ಮೊದಲಿಂದ. ಹತ್ತಕ್ಕೆ ಊಟದ ಸಾರು, ಪಲ್ಯ. ಒಂದನ್ನು ಬಿಟ್ಟೆಯೋ, ಹೆಸರು ಹೋಯ್ತು."

ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದ ಅಕ್ಕುವಿನ ಕೈ ನಿಂತಿತು. ಅವಳೂ ಹೋಟೆಲಿನ ಹೆಂಗಸೇ. ಅರ್ಧ ಸೌಟು ಅಂದರೆ ಎಷ್ಟು, ಮುರಿದ ವಡೆಗಳು ಸೇರಿದರೆ ಎಷ್ಟು ಎಂದು ಕೇಳಿಸಿಕೊಂಡ ಹಾಗೇ ಅವಳ ತಲೆ ಕೂಡಿಸಿಬಿಟ್ಟಿತು. ಎರಡು ಬಟ್ಟಲು ಸಾಂಬಾರು, ನಾಲ್ಕು ಇಡ್ಲಿ, ಮೂರು ವಡೆ, ಮೇಲೆ ಶೀರಾ. ತುಂಬಿದ ತಟ್ಟೆ. ಹತ್ತೂಕಾಲಿಗೆ ರಿಕ್ಷಾ, ಹನ್ನೊಂದಕ್ಕೆ ಕಿರಣ.

ಫೋನ್ ಇಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟ ದಿನ ಸಹ ಹೀಗೇ ರುಚಿ ನೋಡಿದ್ರಾ?"

"ನೋಡದೆ? ರುಚಿ ನೋಡದೆ ಗಿರಾಕಿಗೆ ಕೊಡ್ಲಿಕ್ಕುಂಟಾ?"

"ಖಾಲಿ ಹೊಟ್ಟೆ ಅಂತ ಹೇಳಿದ್ರಲ್ಲ."

"ಖಾಲಿಯೇ ಇತ್ತಲ್ಲ. ನಾನು ತಟ್ಟೆ ಇಟ್ಟು ಕೂತದ್ದು ನೀನು ಯಾವತ್ತಾದ್ರೂ ನೋಡಿದ್ದುಂಟಾ?" ಎಂದು ಅವನು ಕಣ್ಣು ಮುಚ್ಚಿಕೊಂಡ.

ನೋಡಿರಲಿಲ್ಲ. ತಟ್ಟೆಯನ್ನು ನೋಡಿರಲಿಲ್ಲ, ಸೌಟನ್ನು ನೋಡಿದ್ದಳು. ಕೈಗಾಡಿಯ ಕಾಲದಲ್ಲಿ ಚಟ್ನಿ ಅರೆದು, ಇಡ್ಲಿಯ ಚೂರಿಗೆ ಹಚ್ಚಿ, ಅವನ ಬಾಯಿಗೆ ಹಿಡಿಯುತ್ತಿದ್ದವಳೇ ಅವಳು. ಅದು ಕೆಲಸ. ಬಡಗಿ ಕೊರಡಿನ ಮೇಲೆ ಕೈಯಾಡಿಸಿ ನೋಡುವ ಹಾಗೆ. ಅದನ್ನು ಊಟವೆಂದು ಅವರಿಬ್ಬರೂ ಮೂವತ್ತು ವರ್ಷದಲ್ಲಿ ಒಂದು ದಿನವೂ ಎಣಿಸಿರಲಿಲ್ಲ. ಮಾಂತು ಎದುರಿಗೆ ನಿಂತು ಕೇಳಿದಾಗಲೂ ಎಣಿಸಲಿಲ್ಲ. ಅಕ್ಕು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಮರುದಿನ ಸಂಜೆ ಹುಣ್ಣು ಮತ್ತೆ ಒಡೆಯಿತು. ಇನ್ನು ಕೊಯ್ಯದೆ ಗತಿಯಿಲ್ಲ, ಜಠರದ ಒಂದು ಭಾಗ ತೆಗೆಯಬೇಕು, ಬೆಳಿಗ್ಗೆ ಎಂಟಕ್ಕೆ ಎಂದರು. ಹೃದಯ ತಡೆಯುತ್ತದೆಯೇ ಎಂದು ಅಕ್ಕು ಕೇಳಿದ್ದಕ್ಕೆ ಶಸ್ತ್ರವೈದ್ಯರು ನೋಡೋಣ ಎಂದರು. ರಾತ್ರಿ ಎಂಟಕ್ಕೆ ರಕ್ಷಿತ ಒಂದು ಅಚ್ಚು ಹಾಕಿದ ಕಾಗದ ತಂದಳು. ಆಸ್ಪತ್ರೆಗೆ ದೂರು. ರೋಗಿ ಐದೂ ದಿನ ಖಾಲಿ ಹೊಟ್ಟೆಯಲ್ಲಿ ಬಂದಿದ್ದರೂ ಟೆಕ್ನಿಷಿಯನ್ ಗುರಿ ತಪ್ಪಿ ಜಠರ ಸುಟ್ಟಿದ್ದಾನೆ, ಅವನ ಮೇಲೆ ಕ್ರಮ ಕೈಗೊಳ್ಳಬೇಕು ಎಂದು ಬರೆದಿತ್ತು.

"ಅವನು ನಗ್ತಾ ನಗ್ತಾ ನನ್ನ ಹೊಟ್ಟೆ ಸುಟ್ಟ" ಎಂದ ಕಾಂತಪ್ಪ. ಸ್ವರ ಕ್ಷೀಣವಾಗಿತ್ತು, ಸಿಟ್ಟು ಕ್ಷೀಣವಾಗಿರಲಿಲ್ಲ. ಬಹಳ ದಿನದ ಮೇಲೆ ಅವನ ಕಣ್ಣಿಗೆ ಬೆಳಕು ಬಂದಿತ್ತು. ತನಗೆ ಹೀಗಾಗಲು ಒಬ್ಬ ಮನುಷ್ಯ ಕಾರಣ ಎಂದು ಗೊತ್ತಾದರೆ ಬರುವ ಬೆಳಕು ಅದು. ಪೆನ್ನು ಹಿಡಿದು ಸಹಿ ಹಾಕಿದ. "ಅವನನ್ನು ಬಿಡ್ಬೇಡ ಮಗಾ."

"ಅಮ್ಮ, ಐದು ದಿನವೂ ಜೊತೆಗಿದ್ದವಳು ನೀನು. ವಿಟ್ನೆಸ್ ನೀನೇ ಹಾಕ್ಬೇಕು" ಎಂದಳು ರಕ್ಷಿತ.

ಅಕ್ಕು ಕಾಗದ ನೋಡಿದಳು, ಗಂಡನ ಮುಖ ನೋಡಿದಳು. ಸಹಿ ಹಾಕುವುದಿಲ್ಲ ಎಂದರೆ ಏಕೆಂದು ಹೇಳಬೇಕು. ಹೇಳಿದರೆ ಈ ಮನುಷ್ಯ, ಇಡೀ ಬದುಕಿನ ಹೆಮ್ಮೆಯಾದ ತನ್ನ ನಾಲಿಗೆಯೇ ತನ್ನನ್ನು ಇಲ್ಲಿಗೆ ತಂದಿತು ಎಂದು ಎಣಿಸುತ್ತ ಬೆಳಿಗ್ಗೆ ಕತ್ತಿಯ ಕೆಳಗೆ ಮಲಗಬೇಕು. ಈ ಹೃದಯ ಹೊತ್ತುಕೊಂಡು. ಅವಳಿಂದ ಅದು ಆಗಲಿಲ್ಲ. ಇವರೊಮ್ಮೆ ಎದ್ದು ಕೂರಲಿ, ಆಮೇಲೆ ನಾನೇ ಈ ಕಾಗದ ಹರಿದು ಹಾಕುತ್ತೇನೆ, ಮಾಂತುವಿನ ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದುಕೊಂಡಳು. ಹೀಗೆ ಎಂದುಕೊಂಡು ಹೆಸರು ಬರೆದಳು.

ಕಾಂತಪ್ಪ ಎದ್ದು ಕೂರಲಿಲ್ಲ. ಶಸ್ತ್ರಕ್ರಿಯೆ ಆರು ಗಂಟೆ ನಡೆಯಿತು. ಮೂರನೆಯ ದಿನ ಐಸಿಯುವಿನಲ್ಲಿ ಹೃದಯ ನಿಂತಿತು. ತೆಗೆದ ತುಣುಕುಗಳ ವರದಿ ಹನ್ನೊಂದನೆಯ ದಿನ ಬಂತು. ಜಠರಕ್ಕೆ ಅಂಟಿಕೊಂಡಿದ್ದ ಯಕೃತ್ತಿನ ಅಂಚನ್ನೂ ತೆಗೆದಿದ್ದರಂತೆ, ಕ್ಯಾನ್ಸರಿನ ಒಂದು ಜೀವಂತ ಕಣವೂ ಅದರಲ್ಲಿ ಸಿಗಲಿಲ್ಲ. ರಕ್ಷಿತ ಅದನ್ನು ಅಕ್ಕುವಿಗೆ ಓದಿ ಹೇಳಿದಳು. ರೋಗ ಹೋಗಿತ್ತು. ಮನುಷ್ಯ ಬದುಕಬಹುದಿತ್ತು.

ಕಾಗದ ಹರಿಯುವುದು ಈಗ ಸುಲಭವಾಗಿರಲಿಲ್ಲ. ಅದು ತಂದೆಯ ಕೊನೆಯ ಸಹಿ ಎಂದು ರಕ್ಷಿತ ಅದರ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಇಟ್ಟುಕೊಂಡಿದ್ದಳು. ಅಪ್ಪ ಹೇಳಿ ಹೋದ ಕೆಲಸ ಇದು ಎಂದು ಪ್ರತಿ ದಿನ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಆಸ್ಪತ್ರೆಯವರು ಮಾಂತುವನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆಗೆ ದಿನ ಗೊತ್ತು ಮಾಡಿದರು. ಹೇಳಬೇಕು ಎಂದು ಅಕ್ಕು ಹತ್ತು ಸಲ ಬಾಯಿ ತೆರೆದಳು. ಮಗಳ ಮುಖ ಕಂಡಾಗಲೆಲ್ಲ ಬೇರೆ ಏನಾದರೂ ಕೇಳಿ ಒಳಗೆ ಹೋದಳು. ತಾನು ಹೆದರುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವಿಚಾರಣೆಯ ದಿನ ಹೊರಗಿನ ಬೆಂಚಿನ ಮೇಲೆ ಮಾಂತು ಕೂತಿದ್ದ. ಗಡ್ಡ ಬಂದಿತ್ತು. ಅವಳನ್ನು ಕಂಡು ಎದ್ದು ನಿಂತ.

"ಕಾಕಾ ಹೋದದ್ದು ಕೇಳಿ ಭಾಳ ಸಂಕಟ ಆತ್ರೀ ಕಾಕೂ. ಮನೀಗೆ ಬರಾಕ ಧೈರ್ಯ ಸಾಲಲಿಲ್ಲ." ರಕ್ಷಿತ ಅಮ್ಮನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಒಳಗೆ ಆಸ್ಪತ್ರೆಯ ಮೂವರು ಹಿರಿಯರಿದ್ದರು, ಪಕ್ಕದಲ್ಲಿ ಡಾಕ್ಟರ್ ಶಾಲಿನಿ. ಐದು ದಿನದ ಚಿತ್ರಗಳನ್ನು ಗೋಡೆಯ ಪರದೆಯ ಮೇಲೆ ಸಾಲಾಗಿ ಹಾಕಿದ್ದರು. ಐದರಲ್ಲೂ ಜಠರ ದೊಡ್ಡದಾಗಿದೆ ಎಂದು ಶಾಲಿನಿ ತಾವಾಗಿಯೇ ಹೇಳಿದರು. "ನಾನು ಗಾಳಿ ಅಂದುಕೊಂಡೆ. ನನ್ನದೂ ತಪ್ಪಿದೆ." ಒಳಗೆ ಕರೆಸಿದ ಮಾಂತು, ತಾನು ದಿನವೂ ಕೇಳಿದ್ದೇನೆ, ಹಾಳೆಯಲ್ಲಿ ಬರೆದಿದ್ದೇನೆ ಎಂದ. ತಪ್ಪು ಮಾಡಿದವನು ಆಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದಲ್ಲ ಎಂದಳು ರಕ್ಷಿತ. ನಡುವೆ ಕೂತಿದ್ದ ಹಿರಿಯರು ಅಕ್ಕುವಿನ ಕಡೆ ತಿರುಗಿ, ದೂರಿನಲ್ಲಿರುವ ಸಹಿ ನಿಮ್ಮದೇ ಅಲ್ಲವೇ, ಈ ಮನುಷ್ಯ ನಿಮ್ಮನ್ನು ಕೇಳಿದ್ದನೇ ಎಂದು ಮರಾಠಿಯಲ್ಲಿ ಕೇಳಿದರು.

ಅಕ್ಕು ಮಾಂತುವಿನ ಕೈ ನೋಡಿದಳು. ಕಾಂತಪ್ಪನ ಹೊಟ್ಟೆಗೆ ಪಟ್ಟಿ ಕಟ್ಟುವಾಗ ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡುತ್ತಿದ್ದ ಕೈ ಅದು.

"ಕೇಳಿದ್ದರು" ಎಂದಳು ಅವಳೂ ಮರಾಠಿಯಲ್ಲಿ. "ಪ್ರತಿ ದಿನ ಕೇಳಿದ್ದರು. ಒಂದು ದಿನ ಹೊರಗೆ ಬಂದು, ತಿಂದಿದ್ದರೆ ನಾಳೆ ಮಾಡೋಣ ಅಂತಲೂ ಹೇಳಿದ್ದರು. ಇಲ್ಲ ಅಂದವಳು ನಾನು. ನನ್ನ ಗಂಡ ಬೆಳಿಗ್ಗೆ ಐದರಿಂದ ಹತ್ತರವರೆಗೆ ಅಡಿಗೆಯ ರುಚಿ ನೋಡುತ್ತಿದ್ದರು. ಒಂದು ಊಟದಷ್ಟು ಆಗುತ್ತಿತ್ತು. ಅವರು ಅದನ್ನು ತಿಂದ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಇವರ ತಪ್ಪು ಏನೂ ಇಲ್ಲ."

ಮಾಂತು ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಹಿರಿಯರು ಏನೋ ಬರೆದುಕೊಳ್ಳತೊಡಗಿದರು. ರಕ್ಷಿತ ಮಾತ್ರ ಅಮ್ಮನನ್ನೇ ನೋಡುತ್ತಿದ್ದಳು. ಅವಳ ತೊಡೆಯ ಮೇಲೆ ಪ್ಲಾಸ್ಟಿಕ್ಕಿನೊಳಗಿನ ಆ ಕಾಗದವಿತ್ತು.

"ಅಮ್ಮ, ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಮಾಂತು ಕೇಳಿದ ದಿನ ಗೊತ್ತಿರಲಿಲ್ಲ ಮಗಾ" ಎಂದಳು ಅಕ್ಕು. "ನೀನು ಪೆನ್ನು ಕೊಟ್ಟ ದಿನ ಗೊತ್ತಿತ್ತು."